ಹಗ್ಗದ ಲೆಕ್ಕ

ಬೇರೆ ಊರುಗಳಲ್ಲಿ ಹೂವಿಗೆ ಮೊಳ.
ನಮ್ಮಲ್ಲಿ ಹೂವಿಗೆ ಚೆಂಡು, ಅಟ್ಟೆ;
ಮೊಳ ಇರುವುದು ಬಾವಿಗೆ.
ಇವತ್ತು ಇಪ್ಪತ್ತೊಂದು ಮೊಳ ಹಗ್ಗ ಇಳಿದು
ಕೊಡ ಕಲ್ಲಿಗೆ ತಾಗಿ ಟಣ್ ಎಂದಿತು.

ಪಾದೂರಿನ ಈ ಕಲ್ಲಿನ ಅಡಿಯಲ್ಲಿ, ಇನ್ನೂ ಅಡಿಯಲ್ಲಿ,
ನಾನು ನೋಡದ, ನೋಡಲು ಬಿಡದ ಗುಹೆಗಳಲ್ಲಿ
ದೇಶದ ಎಣ್ಣೆ ಉಂಟು.
ಎಲ್ಲಿಯೋ ಯುದ್ಧವಾಗಿ ಹಡಗು ನಿಂತರೆ
ಇಷ್ಟು ದಿನಕ್ಕೆ ಸಾಕು ಎಂದು ಇಟ್ಟದ್ದು,
ನನ್ನ ಅತ್ತೆ ಮಳೆಗಾಲಕ್ಕೆಂದು
ಹಲಸಿನ ಸೊಳೆ ಉಪ್ಪಿಗೆ ಹಾಕಿ
ಭರಣಿಯ ಬಾಯಿ ಕಟ್ಟಿಡುತ್ತಿದ್ದ ಹಾಗೆ.
ಆ ಭರಣಿ ಮುಟ್ಟಿದರೆ ಸೌಟಿನ ಏಟು.
ಇಲ್ಲಿ ಗೇಟು, ಬೇಲಿ,
ಬಿಸಿಲಿಗೆ ಕಪ್ಪಾದ, ಊರು ಗೊತ್ತಿಲ್ಲದ ಹುಡುಗರ ಬಂದೂಕು.

ನೀರು ಪರೀಕ್ಷೆಗೆ ಬರುವ ಶಮಿತ್ ಹೇಳಿದ:
ಗುಹೆಗೆ ಕಬ್ಬಿಣದ ಹೊದಿಕೆ ಇಲ್ಲ ಬಾಯಿ, ಬರೀ ಬಂಡೆ.
ಸುತ್ತಲಿನ ನೀರು ಒತ್ತಿ ಹಿಡಿದಿರುವುದಕ್ಕೆ
ಎಣ್ಣೆ ಎಲ್ಲಿಗೂ ಹೋಗುವುದಿಲ್ಲ.
ಬಾಟಲಿಗೆ ಚೀಟಿ ಅಂಟಿಸುತ್ತಿದ್ದ.
ಹಾಗಾದರೆ, ಎಂದೆ, ಮಲ್ಲಿಗೆ ಗಿಡಕ್ಕೆ ನಾನು
ಎರಡು ಕೊಡ ಹೆಚ್ಚು ಎಳೆದರೆ
ದೇಶ ಸೋರುತ್ತದಾ?
ನಕ್ಕ. ಅದಕ್ಕೆ ಅವರೇ ನೀರು ಬಿಡುತ್ತಾರೆ,
ಅದರ ಲೆಕ್ಕ ಬೇರೆ ಉಂಟು, ಅಂದ.
ನಗುವಿನಲ್ಲಿ ಅರ್ಧ ಉತ್ತರ ಇತ್ತು.
ಉಳಿದರ್ಧ ಹೇಳಲು ಅವನಿಗೆ ಸಂಬಳ ಇಲ್ಲ.

ಪೂರ್ತಿ ಉತ್ತರ ಗೊತ್ತಿರುವವರು ಟೀವಿಯಲ್ಲಿ.
ಆರು ಚೌಕ, ಆರು ಕೋಟು;
ಒಬ್ಬರ ಮಾತಿನ ಮೇಲೆ ಒಬ್ಬರು ಕೂತು
ಕೊಲ್ಲಿಯ ನಕ್ಷೆಗೆ ಕೆಂಪು ಬಾಣ ಹೊಡೆದರು.
ಒಂದರ ತುದಿ ಶಾರ್ಜಾದ ಹತ್ತಿರ ನಿಂತಿತು.
ಅಲ್ಲಿ ಶುಕ್ರವಾರ ಒಂದು ಮದುವೆ,
ನನ್ನ ನಾಲ್ಕು ಅಟ್ಟೆ ಹೋಗಬೇಕಿತ್ತು.
ಬಜಪೆಯಿಂದ ವಿಮಾನ ಏಳಲಿಲ್ಲ.
ಆಕಾಶಕ್ಕೂ ಬಾಗಿಲು ಉಂಟು,
ಯಾರೋ ಎದ್ದು ಹೋಗಿ ಅಗುಳಿ ಹಾಕಬಹುದು
ಎಂದು ಗೊತ್ತಾದದ್ದೇ ಆಗ.
ಕಟ್ಟೆಯ ಜಯಕರಣ್ಣ ಫೋನಿನಲ್ಲಿ ರೇಟು ಹೇಳಿ
ಸುಮ್ಮನೆ ಕೆಮ್ಮಿದರು. ನಿನ್ನೆಯ ಕಾಲು ಭಾಗ.
ಎಂತ ಮಾಡುವುದು ಅಪೊಲಿನ್ ಬಾಯಿ,
ಇದು ಅಂತಾರಾಷ್ಟ್ರೀಯ.

ಎಣ್ಣೆ ಕಾಯುತ್ತದೆ.
ಯಾವ ಕಾಲದ್ದೋ ಅದು, ಕಾದೇ ಎಣ್ಣೆಯಾದದ್ದು.
ಮೊಗ್ಗಿಗೆ ಅಷ್ಟು ತಾಳ್ಮೆ ಎಲ್ಲಿಂದ?
ಬೆಳಿಗ್ಗೆ ಕೊಯ್ದು ಬಾಳೆನಾರಿನಲ್ಲಿ ಕಟ್ಟಿದ್ದು
ಸಂಜೆ ಯಾರನ್ನೂ ಕೇಳದೆ ಅರಳಿತು.
ಮನೆಯೆಲ್ಲ ಪರಿಮಳ, ತಲೆನೋವು ಬರುವಷ್ಟು.
ಮಲ್ಲಿಗೆಗೆ ಯಾರೂ ಗುಹೆ ಕೊರೆಯಲಿಲ್ಲ.

ಹಾಗೆಂದು ಭರಣಿಯೇ ಬೇಡ ಎನ್ನಲಾರೆ.
ತೊಂಬತ್ತರಲ್ಲಿ ನನ್ನ ಅಣ್ಣ ಇಗ್ನೇಸ್
ಕುವೈಟಿನಿಂದ ಬಂದ,
ಉಟ್ಟ ಬಟ್ಟೆ, ಒಂದು ಕಾಲಿನ ಚಪ್ಪಲಿ.
ಎಣ್ಣೆ ಕಂಪೆನಿಯಲ್ಲಿ ಒಂಬತ್ತು ವರ್ಷ ದುಡಿದವನು
ಶಿರ್ವದ ರೇಶನ್ ಅಂಗಡಿಯ ಮುಂದೆ
ಎರಡು ಲೀಟರ್ ಸೀಮೆಎಣ್ಣೆಗೆ ಕ್ಯೂ ನಿಂತ.
ಕ್ಯಾನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ,
ಎಲ್ಲೋ ಕಂಡ ಮುಖ ಎಂಬಂತೆ.
ಆಮೇಲೆ ಯುದ್ಧದ ಸುದ್ದಿ ಬಂದಾಗಲೆಲ್ಲ
ರೇಡಿಯೋ ಆರಿಸಿ ಅಂಗಳಕ್ಕೆ ಹೋಗುತ್ತಿದ್ದ.
ಯಾರು ಸರಿ ಯಾರು ತಪ್ಪು ಎಂದು
ಒಮ್ಮೆಯೂ ಹೇಳಲಿಲ್ಲ.
ಚಪ್ಪಲಿ ಮಾತ್ರ ಯಾವಾಗಲೂ ಎರಡು ಜೊತೆ ಇಡುತ್ತಿದ್ದ.

ರಾತ್ರಿ ಕ್ಯಾಲೆಂಡರಿನ ಚೌಕದಲ್ಲಿ
ದಿನವೂ ಬರೆಯುವ ಎರಡು ಅಂಕಿ ಬರೆದೆ:
ಅಟ್ಟೆಗೆ ಸಿಕ್ಕಿದ್ದು, ಹಗ್ಗ ಇಳಿದದ್ದು.
ಮೊದಲನೆಯದು ಯಾರು ಯಾರೋ ಕೂತು ಮಾಡುವುದು.
ಎರಡನೆಯದಕ್ಕೂ ಅವರಿಗೂ ಸಂಬಂಧ ಇಲ್ಲ
ಎಂದುಕೊಂಡಿದ್ದೆ ಇಷ್ಟು ವರ್ಷ.
ಮೇ ತಿಂಗಳು ಇನ್ನೂ ಹನ್ನೊಂದು ದಿನ ಉಂಟು.

ಬೆಳಿಗ್ಗೆ ಗಿಡಕ್ಕೆ ನೀರೆಳೆಯುವಾಗ
ಕೊನೆಯ ಕೊಡವನ್ನು ಕಟ್ಟೆಯ ಮೇಲಿಟ್ಟು
ಸ್ವಲ್ಪ ಹೊತ್ತು ನಿಂತೆ.
ಆಚೆ ಈಚೆ ನೋಡಿ, ಯಾರೂ ಇಲ್ಲದ್ದಕ್ಕೆ,
ಬಾವಿಗೇ ಸುರಿದೆ.
ಕೆಳಗಿನಿಂದ ಸದ್ದು ಬರಲು ತುಸು ತಡವಾಯಿತು.